ಪಂಚಾಕ್ಷರಿಯ ಶ್ರಮದಾನಿ

ಪ್ರಯೋಗಾಲಯದ ಸಹಾಯಕಿ ಗುಂಡಿ ಒತ್ತಿದ ಮರುಕ್ಷಣವೇ ಪಂಚಾಕ್ಷರಿಯ ಭುಜ, ತೋಳು, ಬೆನ್ನು ತಾವಾಗಿಯೇ ದುಡಿಯತೊಡಗಿದವು. ಮೈಗೆ ಬೂದುಬಣ್ಣದ ತೆಳು ಕವಚ ತೊಡಿಸಿ, ಕೈಗಳನ್ನು ಕುರ್ಚಿಗೆ ಪಟ್ಟಿಯಿಂದ ಬಿಗಿದಿದ್ದರು. ಹಾಗಾಗಿ ಒಳಗೆ ನಡೆಯುತ್ತಿದ್ದುದು ಯಾವ ಕೆಲಸವೆಂದು ತಿಳಿಯುವಂತಿರಲಿಲ್ಲ. ಹತ್ತೇ ನಿಮಿಷದಲ್ಲಿ ಬೆವರು ಇಳಿಯಿತು.

ಈ ಕವಚದ ಹೆಸರು ಶ್ರಮವಾಹಕ. ನಾವು ಕೈ ಎತ್ತುವಾಗ ಮೆದುಳು ಸ್ನಾಯುಗಳಿಗೆ ಸೂಕ್ಷ್ಮವಾದ ವಿದ್ಯುತ್ ಸಂಜ್ಞೆಗಳನ್ನು ಕಳಿಸುತ್ತದೆ. ಕಷ್ಟಪಟ್ಟು ದುಡಿಯುವ ಒಬ್ಬರ ಮೈಯಿಂದ ಆ ಸಂಜ್ಞೆಗಳನ್ನು ದಾಖಲಿಸಿಕೊಂಡು ಇನ್ನೊಬ್ಬರ ಮೈಯಲ್ಲಿ ಮತ್ತೆ ಹರಿಸುವುದು ಇದರ ಕೆಲಸ. ಕೊಟ್ಟವರನ್ನು ಶ್ರಮದಾನಿ ಎನ್ನುತ್ತಾರೆ. ಪಡೆದವರಿಗೂ ಒಂದು ಗೌರವದ ಹೆಸರಿದೆ, ಆದರೆ ಸೋಮಾರಿ ಎಂದರೂ ತಪ್ಪಾಗಲಾರದು.

ಪಂಚಾಕ್ಷರಿಗೆ ಹತ್ತೊಂಬತ್ತು ವರ್ಷ. ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಎಲ್ಲರ ಸ್ನಾನ ಮುಗಿದ ಮೇಲೆಯೇ ಅವನು ಬಚ್ಚಲಿಗೆ ಹೋಗುತ್ತಿದ್ದ. ಜೋಲುವ ಎದೆಯನ್ನು ಯಾರಾದರೂ ಕಂಡಾರೆಂಬ ನಾಚಿಕೆ. ಎರಡು ತಿಂಗಳು ಬರೀ ಸೌತೆಕಾಯಿ ತಿಂದು ಆರು ಕಿಲೋ ಇಳಿಸಿದ, ಎದೆ ಮಾತ್ರ ಹಾಗೇ ಉಳಿಯಿತು. ಕೊನೆಗೆ ಪ್ರಯೋಗಾಲಯದ ಡಾಕ್ಟರ್ ವೈಜಯಂತಿಯವರ ಮುಂದೆ ಬಂದು ನಿಂತಿದ್ದ.

"ಹಸಿದುಕೊಂಡು, ಇದ್ದ ಸ್ವಲ್ಪ ಸ್ನಾಯುವನ್ನೂ ಕರಗಿಸಿದ್ದೀಯಲ್ಲಪ್ಪ," ಎಂದಿದ್ದರು ಅವರು.

"ಹಂಗಾರ ಮೊದಲು ಏನ್ ಮಾಡಬೇಕ್ರಿ ಮೇಡಂ? ಕೊಬ್ಬು ಇಳಸಬೇಕೋ, ಮೈ ಕಟ್ಟಬೇಕೋ?"

"ನಿನ್ನಂಥ ಹೊಸಬರಿಗೆ ಎರಡೂ ಒಟ್ಟಿಗೇ ಆಗುತ್ತವೆ. ಬೇಳೆಕಾಳು, ರೊಟ್ಟಿ, ಮೊಸರು ಸರಿಯಾಗಿ ತಿನ್ನು. ದುಡಿಮೆಯನ್ನು ಕವಚ ಮಾಡಿಸುತ್ತದೆ. ಆದರೆ ರಕ್ತಸಂಬಂಧಿಗಳ ಸಂಜ್ಞೆಯೇ ಮೈಗೆ ಚೆನ್ನಾಗಿ ಹೊಂದುವುದು. ಯಾರಿದ್ದಾರೆ?"

ಇದ್ದವಳು ಸೋದರತ್ತೆ ಚಂದ್ರವ್ವ ಒಬ್ಬಳೇ. ತಂದೆತಾಯಿ ಇಲ್ಲದ ಅವನನ್ನು ಗದಗಿನಲ್ಲಿ ರೊಟ್ಟಿ ಬಡಿದು ಮಾರಿ ಸಾಕಿದವಳು. ಭಾರೀ ಮೈಯವಳು. ಕಾಲೇಜು ಸೇರಿಸಲು ಬಂದ ದಿನ ಅವಳು ಹಾಸ್ಟೆಲಿನ ಮೆಟ್ಟಿಲು ಹತ್ತಿ ಏದುಸಿರು ಬಿಡುವುದನ್ನು ಕಂಡು ಹುಡುಗರು ನಕ್ಕಿದ್ದರು. ಅವರ ಜೊತೆ ಪಂಚಾಕ್ಷರಿಯೂ ನಕ್ಕಿದ್ದ.

ಪ್ರಯೋಗಾಲಯದ ಅರ್ಜಿಯಲ್ಲಿ ರಕ್ತಸಂಬಂಧಿಗಳ ಜಾಗದಲ್ಲಿ ಅವನು 'ಯಾರೂ ಇಲ್ಲ' ಎಂದು ಬರೆದ. ಅತ್ತೆಗೆ ಫೋನಿನಲ್ಲಿ ಪ್ರಯೋಗಾಲಯ ಸೇರಿದ ಸುದ್ದಿಯನ್ನಷ್ಟೇ ಹೇಳಿದ. ವಾರದ ನಂತರ ಶ್ರಮದಾನಿ ಸಿಕ್ಕಿದ್ದಾರೆಂದು ಕರೆ ಬಂತು, ಹೆಸರು ಮಾತ್ರ ಗುಟ್ಟು. ಯಾರೋ ಪೈಲ್ವಾನನಿರಬೇಕು ಎಂದುಕೊಂಡ. ಹಾಸ್ಟೆಲಿನಲ್ಲೂ ಹಾಗೆಯೇ ಜಂಬ ಕೊಚ್ಚಿದ.

ಮೂರು ತಿಂಗಳಲ್ಲಿ ಹೊಟ್ಟೆ ಇಳಿಯಿತು, ಭುಜ ಅಗಲವಾಯಿತು. ಕಾಲೇಜಿನ ದೇಹದಾರ್ಢ್ಯ ಸ್ಪರ್ಧೆಗೆ ಹೆಸರು ಕೊಟ್ಟ.

"ನಾನೂ ನೋಡಾಕ ಬರ್ಲೇನೋ ಪಂಚೂ?" ಎಂದು ಅತ್ತೆ ಫೋನಿನಲ್ಲಿ ಕೇಳಿದಳು.

"ಬ್ಯಾಡತ್ತಿ. ಭಾಳ ಮೆಟ್ಟಲ ಅದಾವ."

ವೇದಿಕೆಯ ಮೇಲೆ ಅವನು ತೋಳು ಬಿಗಿದು ನಿಂತಾಗ, ಡಾಕ್ಟರೂ ಊಹಿಸದಿದ್ದ ಸಂಗತಿಯೊಂದು ನಡೆಯಿತು. ಬಲ ಅಂಗೈ ತಾನಾಗಿಯೇ ಕೆಳಗಿಳಿದು ಗಾಳಿಯನ್ನು ಪಟಪಟನೆ ಬಡಿಯತೊಡಗಿತು. ಎಡಗೈ ಏನನ್ನೋ ದುಂಡಗೆ ತಿರುಗಿಸತೊಡಗಿತು. ಸಂಜ್ಞೆಗಳ ಜೊತೆ ಬಲವಷ್ಟೇ ಅಲ್ಲ, ರೂಢಿಯೂ ಮೈಗಿಳಿದಿತ್ತು.

"ಏ, ರೊಟ್ಟಿ ಬಡಿಯಾಕತ್ತಾನಲೇ!" ಎಂದು ಯಾರೋ ಕೂಗಿದರು. ಸಭೆ ಬಿದ್ದು ಬಿದ್ದು ನಕ್ಕಿತು.

ಅಷ್ಟರಲ್ಲಿ ಬಡಿತ ನಿಂತಿತು. ಎಡಗೈ ಮುಂದೆ ಚಾಚಿ, ಎದೆಯ ಎತ್ತರದಲ್ಲಿ, ಯಾರೂ ಇಲ್ಲದ ಕಡೆ ಮೆತ್ತಗೆ ಒಮ್ಮೆ ತಟ್ಟಿತು. ಮತ್ತೆ ಬಡಿತ, ಮತ್ತೆ ಅದೇ ತಟ್ಟು. ಅದೇನೆಂದು ಸಭೆಗೆ ತಿಳಿಯಲಿಲ್ಲ. ಪಂಚಾಕ್ಷರಿಗೆ ತಿಳಿಯಿತು. ಚಿಕ್ಕವನಿದ್ದಾಗ ಅವನು ಅತ್ತೆಯ ಎದುರಿಗೇ ಕೂರುತ್ತಿದ್ದ. ಒಂದೊಂದು ರೊಟ್ಟಿ ಮುಗಿದಾಗಲೂ ಅವಳು ಹಿಟ್ಟಿನ ಕೈಯಿಂದ ಅವನ ಕೆನ್ನೆ ತಟ್ಟುತ್ತಿದ್ದಳು. ಅವನು ಎದ್ದು ಹೋಗಿ ಎಷ್ಟೋ ವರ್ಷವಾಗಿತ್ತು. ಅವಳ ಕೈ ಇನ್ನೂ ಆ ಜಾಗದಲ್ಲಿ ಅವನನ್ನು ಹುಡುಕುತ್ತಿತ್ತು.

ನಾಚಿಕೆಯಿಂದ ಅವನ ಮೈ ಹಿಡಿಯಾಯಿತು. ಈ ಸಲದ ನಾಚಿಕೆ ಎದೆಯ ಕೊಬ್ಬಿನದಾಗಿರಲಿಲ್ಲ.

ಸಂಜೆ ಅವನು ಪ್ರಯೋಗಾಲಯಕ್ಕೆ ಓಡಿದ. "ನೀನು ಅರ್ಜಿ ಕೊಟ್ಟ ವಾರವೇ ನಿನ್ನ ಅತ್ತೆ, ನೀನು ಯಾಕೆ ಊಟ ಬಿಟ್ಟೆ ಎಂದು ಕೇಳಲು ಬಂದಿದ್ದರು," ಎಂದರು ಡಾಕ್ಟರ್. "ಅಳತೆ ತೆಗೆದೆ. ಆ ಕೊಬ್ಬಿನ ಕೆಳಗಿರುವಂಥ ಭುಜವನ್ನು ನಾನು ಯಾವ ಪೈಲ್ವಾನನಲ್ಲೂ ಕಂಡಿಲ್ಲ. ಹೆಸರು ಹೇಳಬೇಡಿ, ಹುಡುಗನಿಗೆ ನಾಚಿಕೆಯಾಗುತ್ತದೆ ಎಂದರು."

ಮರುದಿನ ಬೆಳಿಗ್ಗೆ ಅವನು ಗದಗಿಗೆ ಹೋದ. ಚಂದ್ರವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅವನು ಅವಳ ಎದುರಿಗೆ ನೆಲದ ಮೇಲೆ ಕುಳಿತ.

"ಯಾಕೋ, ಸೋತ ಬಂದೇನು?"

"ಅತ್ತಿ, ಅರ್ಜಿಯೊಳಗ ನನಗ ಯಾರೂ ಇಲ್ಲಂತ ಬರದಿದ್ದೆ."

"ಗೊತ್ತದ. ಡಾಕ್ಟರಮ್ಮ ಅವತ್ತೇ ಓದಿ ಹೇಳಿದ್ರು."

ಅವಳ ಬಡಿತ ತಪ್ಪಲಿಲ್ಲ. ರೊಟ್ಟಿ ಹಂಚಿಗೆ ಬಿತ್ತು, ಎಡಗೈ ಎಂದಿನಂತೆ ಮುಂದೆ ಬಂತು. ಬೆಳೆದ ಹುಡುಗ ನೆಟ್ಟಗೆ ಕೂತಿದ್ದರೆ ಆ ಕೈ ಅವನ ಎದೆಗೆ ತಾಗುತ್ತಿತ್ತು. ಆದರೆ ಅವನು ತಲೆಯನ್ನು ಎಷ್ಟು ತಗ್ಗಿಸಿದ್ದನೆಂದರೆ, ಅದು ಸರಿಯಾಗಿ ಕೆನ್ನೆಗೇ ಬಂದು ತಟ್ಟಿತು.