ಕಾಲಿಗೆ ಎರಡು ಪದ

ಪಂಚಶೀಲಾ ಟೀಚರ್ ಅಡುಗೆಮನೆಯ ಹೊಸ್ತಿಲಿಗೆ ಅಡ್ಡ ಬಿದ್ದಿದ್ದರು. ಮುಖದ ಮೇಲೆ ಯಾರೋ ಎಸೆದ ಚಾದರ. ಹಣೆಯಲ್ಲಿ ನೆತ್ತರು. ಪಕ್ಕದಲ್ಲಿ ಕಟ್ಟೆಯಿಂದ ಉರುಳಿದ ರುಬ್ಬುಗುಂಡು.

ಮೊದಲು ಕಂಡವನು ಕುರಿಗಾರ ಹಣಮೇಶ. ಬೆಳಿಗ್ಗೆ ಆಡಿನ ಹಾಲು ಕೊಡಲು ಬಂದಿದ್ದ. ಚೆಂಬು ಅಲ್ಲೇ ಬಿಟ್ಟು, ಟೀಚರನ್ನು ತನ್ನ ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ರಸ್ತೆಗೆ ಓಡಿದ. ಟಂಟಂ ಆಟೋ ಹಿಡಿದು ಸೀದಾ ಯಾದಗಿರಿ ಆಸ್ಪತ್ರೆ. ಜೀವ ಉಳಿಯಿತು. ಎಚ್ಚರ ಮಾತ್ರ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅದೇ ಹಣಮೇಶ ಶಹಾಪುರದ ಠಾಣೆಯ ಬೆಂಚಿನ ಮೇಲೆ ಕೂತಿದ್ದ. ಓಣಿಯವರೆಲ್ಲ ಅವನ ಕಡೆಗೇ ಬೆರಳು ತೋರಿಸಿದ್ದರು. ಕಂಬಳಿ ತುಂಬ ರಕ್ತ, ಮತ್ತೇನು ಬೇಕು?

ಎದುರಿಗೆ ಕೂತ ಸಬ್ ಇನ್‌ಸ್ಪೆಕ್ಟರ್ ಅನುರಾಧಾಗೆ ಇದು ಬರೀ ಕೇಸಾಗಿರಲಿಲ್ಲ. ಕೊಂಕಲ್ ಹಳ್ಳಿಯ ಕೂಲಿಯವರ ಮಗಳು ಆಕೆ. ಒಂದು ಕಾಲದಲ್ಲಿ ಇಂಗ್ಲಿಷಿಗೆ ಹೆದರಿ ಶಾಲೆ ಬಿಟ್ಟಿದ್ದಳು. ಪಂಚಶೀಲಾ ಟೀಚರ್ ಮನೆಗೇ ಬಂದು, ಅವ್ವನ ಜೊತೆ ರೊಟ್ಟಿ ತಿಂದು, ಅವಳನ್ನು ವಾಪಸು ಕರೆದೊಯ್ದಿದ್ದರು. ಅವರ ಪಾಠದ ರೀತಿಯೇ ಬೇರೆ. ನಮಗೆ ನೆರಳು ಒಂದೇ, ಇಂಗ್ಲಿಷಿನವರಿಗೆ ಎರಡು ಅನ್ನುತ್ತಿದ್ದರು. ಬೇವಿನ ಗಿಡ ಕೊಡೋದು ಶೇಡ್, ನಿನ್ನ ಬೆನ್ನು ಹತ್ತಿ ಬರೋದು ಶ್ಯಾಡೋ. ಕಿವಿಗೆ ಬಿದ್ದರೆ ಹಿಯರ್, ಕಿವಿಗೊಟ್ಟರೆ ಲಿಸನ್. ಮೈಮೇಲಿನ ಖಾಕಿ ಸರ್ಕಾರದ್ದು, ಅದನ್ನು ತೊಡುವ ಧೈರ್ಯ ಟೀಚರದ್ದು ಅಂತ ಅನುರಾಧಾ ಇವತ್ತಿಗೂ ನಂಬಿದ್ದಳು.

ಹಣಮೇಶ ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟ. ಟೀಚರ್ ಅವನ ಮಗಳು ಕವಿತಾಗೆ ಪುಕ್ಕಟೆ ಪಾಠ ಹೇಳಿದ್ದರು. ಬೇರೇನೂ ಕೊಡಲು ತನ್ನ ಕೈಲಿ ಇಲ್ಲ, ಅದಕ್ಕೇ ಹಾಲು ಅಂದ.

“ಈ ಕಂಬಳಿ ಸಾಕ್ಷಿಗಂತ ನಾವು ಇಟ್ಕೋಬೇಕಾಗ್ತದ,” ಅಂದಳು ಅನುರಾಧಾ.

“ಇಟ್ಕೋರಿ. ಕಂಬಳಿ ಇನ್ನೊಂದು ನೇಯಬಹುದ್ರಿ. ಟೀಚರಮ್ಮನ್ನ ಎಲ್ಲಿಂದ ನೇಯೋದು?”

ಅವಳು ನಂಬಿದಳು. ಆದರೆ ನಂಬಿಕೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

* * *

ಹೆಡ್ ಕಾನ್‌ಸ್ಟೇಬಲ್ ಮಸ್ತಾನಬಿಯನ್ನು ಕರೆದುಕೊಂಡು ಅನುರಾಧಾ ಟೀಚರ ಮನೆ ಜಾಲಾಡಿದಳು. ಬೆಳ್ಳಿ ಲೋಟ ಇತ್ತು. ಟಿವಿ ಇತ್ತು. ಕಪಾಟಿನ ಬೀಗ ಹಾಗೇ ಇತ್ತು. ಹೋಗಿದ್ದು ಟೀಚರ ಮೊಬೈಲ್ ಒಂದೇ.

“ಅದರ ಗಾಜು ಒಡೆದಿತ್ತು. ಅದನ್ನ ಯಾರು ಕದೀತಾರ?” ಅಂತ ಪಕ್ಕದ ಮನೆಯ ದಾವಲಬೀಯೇ ಆಶ್ಚರ್ಯಪಟ್ಟಳು. ಆಮೇಲೆ ಇನ್ನೊಂದು ಮಾತು ಹೇಳಿದಳು. ಟೀಚರ್ ದಿನಾ ಮಧ್ಯಾಹ್ನ ಕದ ಮುಚ್ಚಿಕೊಂಡು ಆ ಮೊಬೈಲಿಗೆ ಪಾಠ ಹೇಳುತ್ತಿದ್ದರಂತೆ, ಎದುರಿಗೆ ಹುಡುಗರು ಕೂತಿದ್ದಾರೇನೋ ಅನ್ನುವ ಹಾಗೆ. ಯುಗಾದಿಗೆ ಎಲ್ಲ ಮುಗಿಸಿ ಹಳ್ಳಿ ಹುಡುಗಿಯರಿಗೆ ಹಂಚುವ ಆಸೆ ಅವರಿಗೆ.

ಹಾಗಾದರೆ ಕಳ್ಳನಿಗೆ ಬೇಕಾಗಿದ್ದು ಮೊಬೈಲಲ್ಲ, ಅದರೊಳಗಿನ ದನಿ. ಕುರಿಗಾರನಿಗೆ ಅದೇಕೆ?

ಟೀಚರ ಅಣ್ಣನ ಮಗ ಮರಿಲಿಂಗನ ಮೇಲೂ ಓಣಿಯವರಿಗೆ ಗುಮಾನಿ ಇತ್ತು. ಮನೆ ಜಾಗದ ವಿಚಾರಕ್ಕೆ ಅತ್ತೆಯ ಜೊತೆ ಜಗಳ ಆಡಿದ್ದ. ಅನುರಾಧಾ ಅವನನ್ನೂ ಬಿಡಲಿಲ್ಲ. ಆದರೆ ಆ ಬೆಳಿಗ್ಗೆ ಅವನು ಗುರುಮಠಕಲ್ ಬಸ್ಸಿನಲ್ಲಿದ್ದ. ಸೀಟಿಗಾಗಿ ತನ್ನ ಜೊತೆ ತೆಲುಗಿನಲ್ಲಿ ಜಗಳ ತೆಗೆದವನನ್ನು ಕಂಡಕ್ಟರ್ ಮರೆತಿರಲಿಲ್ಲ.

* * *

ಯಾದಗಿರಿಯಲ್ಲಿ ಡಾಕ್ಟರ್ ಎಕ್ಸ್‌ರೇ ತೋರಿಸಿದರು. ತಲೆಯ ಪೆಟ್ಟು ವಾಸಿಯಾಗುತ್ತದೆ. ರುಬ್ಬುಗುಂಡು ಬಿದ್ದದ್ದು ಬಲಪಾದದ ಮೇಲೆ. ಹಿಮ್ಮಡದ ಮುಂದಿನ ಎಲುಬುಗಳು ಜಜ್ಜಿಹೋಗಿದ್ದವು. ಮೊಳಕಾಲು, ಮೀನಖಂಡ ಎಲ್ಲ ನೆಟ್ಟಗಿತ್ತು.

ಒಳಗೆ ಯಾರನ್ನೂ ಬಿಡಬಾರದು, ಗಾಯದ ವಿವರ ಹೊರಗೆ ಹೋಗಬಾರದು ಅಂತ ಅನುರಾಧಾ ಕೇಳಿಕೊಂಡಳು. ಬಾಗಿಲಲ್ಲಿ ಕಾದವರಿಗೆ ಅವಳು ಹೇಳಿದ್ದು ಇಷ್ಟೇ: “ತಲಿಗೆ ಪೆಟ್ಟಾಗ್ಯದ. ಕಾಲು ಮುರದದ. ಜೀವಕ್ಕ ಭಯ ಇಲ್ಲ.”

ಅದೇ ಮಾತು ಸಂಜೆಯೊಳಗೆ ಶಹಾಪುರ, ಸುರಪುರ ಎಲ್ಲ ಕಡೆ ಹಬ್ಬಿತು.

* * *

ಮರುದಿನ ಠಾಣೆಗೆ ಅಂಬಣ್ಣ ಬಂದ. ಸುರಪುರದಲ್ಲಿ ಇಂಗ್ಲಿಷ್ ಮಾತಾಡಲು ಕಲಿಸುವ ಕ್ಲಾಸ್ ನಡೆಸುವವನು. ಇಸ್ತ್ರಿ ಮಾಡಿದ ಅಂಗಿ, ಒದ್ದೆ ಕಣ್ಣು. ತಾನೂ ಪಂಚಶೀಲಾ ಟೀಚರ ಶಿಷ್ಯ, ಆ ಕುರಿಗಾರನಿಗೆ ಶಿಕ್ಷೆ ಆಗಲೇಬೇಕು ಅಂದ. ಹೇಳುತ್ತ ಹೇಳುತ್ತ ಇಂಗ್ಲಿಷಿಗೆ ಹೊರಳಿದ.

“ಸೋ ಸ್ಯಾಡ್, ಮೇಡಂ. ಅಟ್ ಹರ್ ಏಜ್, ವಿತ್ ಎ ಬ್ರೋಕನ್ ಫುಟ್, ಹೌ ವಿಲ್ ಶಿ ಟೀಚ್?”

ಅನುರಾಧಾ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು. ಮುಖದಲ್ಲಿ ಏನೂ ತೋರಿಸಲಿಲ್ಲ. ಚಹಾ ತರಿಸಿದಳು.

“ಸರ್, ಟೀಚರನ್ನ ನೋಡಾಕ ಯಾದಗಿರಿಗೆ ಹೋಗಿದ್ರೇನು?”

“ಇಲ್ರಿ. ಒಳಗ ಬಿಡಂಗಿಲ್ಲಂತ.”

“ಡಾಕ್ಟರ್, ನರ್ಸ್ ಯಾರರ ಪರಿಚಯ?”

“ಯಾರೂ ಇಲ್ರಿ.”

“ಮತ್ತ ನಿಮಗ ಹೆಂಗ ಗೊತ್ತಾತು?”

“ಸುರಪುರ ಬಸ್‌ಸ್ಟ್ಯಾಂಡಿನಾಗ ಜನ ಮಾತಾಡಾಕತ್ತಿದ್ರು. ಕಾಲು ಮುರದೈತಿ ಅಂತ. ಅಷ್ಟ ಕೇಳಿದ್ದು.”

“ನೀವು ನಿನ್ನೆ ಬೆಳಿಗ್ಗೆ?”

“ಕ್ಲಾಸಿನಾಗ. ಸುರಪುರ ಬಿಟ್ಟು ಬಂದಿಲ್ಲ.”

ಚಹಾ ಮುಗಿಯುವವರೆಗೆ ಕೂರಿಸಿದಳು. ಆಮೇಲೆ ಹೇಳಿಕೆ ಬರೆಯಿಸುವ ನೆಪದಲ್ಲಿ ಇನ್ನಷ್ಟು ಹೊತ್ತು ಕೂರಿಸಿದಳು. ಅಷ್ಟರಲ್ಲಿ ಮಸ್ತಾನಬಿ ಸಾಕ್ಷಿಗೆ ಇಬ್ಬರು ಪಂಚರನ್ನು ಕರೆದುಕೊಂಡು ಸುರಪುರದಲ್ಲಿದ್ದಳು. ಹಿಂದಿನ ಬೆಳಿಗ್ಗೆ ಕ್ಲಾಸಿಗೆ ಬೀಗ ಹಾಕಿತ್ತು ಅಂತ ಎದುರಿನ ಅಂಗಡಿಯವ ಹೇಳಿದ. ಒಳಗೆ ಸ್ಪೀಕರ್ ಡಬ್ಬಿಯ ಹಿಂದೆ ಗಾಜು ಒಡೆದ ಮೊಬೈಲ್ ಸಿಕ್ಕಿತು.

* * *

ಮೊಬೈಲನ್ನು ಮೇಜಿನ ಮೇಲೆ ಇಟ್ಟಾಗ ಅಂಬಣ್ಣನ ಕನ್ನಡವೂ ನಿಂತುಹೋಯಿತು.

“ನಾವು ತೊಡಿಗೂ ಕಾಲು ಅಂತೀವಿ, ಪಾದಕ್ಕೂ ಕಾಲು ಅಂತೀವಿ,” ಅಂದಳು ಅನುರಾಧಾ. “ಕಾಲು ಮುರದೈತಿ ಅಂದ್ರ ಯಾರಿಗಾದ್ರೂ ಮೊದಲು ನೆನಪಾಗೋದು ಮೊಳಕಾಲು, ಇಲ್ಲಾ ಮೀನಖಂಡ. ಇಂಗ್ಲಿಷಿನಾಗ ಲೆಗ್ ಅಂತಾರ. ನೀವು ಫುಟ್ ಅಂದ್ರಿ. ಫುಟ್ ಅಂದ್ರ ಬರೀ ಪಾದ. ಜನ ಹೇಳಿದ್ದು ಒಂದ ಪದ. ಅದರಾಗ ಯಾವುದು ಅಂತ ಆರಿಸಾಕ, ಕಲ್ಲು ಎಲ್ಲಿ ಬಿತ್ತು ಅಂತ ನೋಡಿರಬೇಕು. ನೋಡಿದ್ದು ಹಣಮೇಶ, ಡಾಕ್ಟರ್, ನಾನು. ಹಣಮೇಶ ನಿನ್ನೆಯಿಂದ ಇಲ್ಲೇ ಅದಾನ. ನಾಲ್ಕನೇದವ್ರು ಆ ಅಡಿಗಿಮನ್ಯಾಗ ಇದ್ದವ್ರು.”

ಅಂಬಣ್ಣ ನಿಧಾನವಾಗಿ ಬಾಯಿಬಿಟ್ಟ. ಟೀಚರೇ ಹಿಂದೆ ಹೇಳಿಕೊಂಡಿದ್ದ ಮೊಬೈಲ್ ಪಾಠ ಪುಕ್ಕಟೆಯಾಗಿ ಊರೂರಿಗೆ ಹೋದರೆ ತನ್ನ ಕ್ಲಾಸಿಗೆ ಯಾರು ಬರುತ್ತಾರೆ ಅನ್ನುವ ಭಯ. ಆ ಪಾಠಗಳನ್ನು ತನ್ನ ಹೆಸರಿನಲ್ಲಿ ಮಾರುವ ಆಸೆ. ಟೀಚರ್ ಸ್ನಾನಕ್ಕೆ ಹೋದಾಗ ಹಿತ್ತಲಿಂದ ನುಗ್ಗಿದ್ದ. ಅವರು ಬೇಗ ಬಂದುಬಿಟ್ಟರು. ಚಾದರ ಎಸೆದು ತಳ್ಳಿದ. ಬೀಳುವಾಗ ಅವರ ಕೈ ತಾಗಿ ಕಲ್ಲು ಉರುಳಿತು, ತಲೆ ಹೊಸ್ತಿಲಿಗೆ ಬಡಿಯಿತು. ಪಾದ ಜಜ್ಜಿದ್ದು ಕಂಡೂ ನಿಲ್ಲದೆ ಓಡಿದ.

ಹಣಮೇಶನನ್ನು ಅನುರಾಧಾ ತಾನೇ ಜೀಪಿನಲ್ಲಿ ಮನೆಗೆ ಬಿಟ್ಟಳು. ಬೆರಳು ತೋರಿಸಿದ್ದ ಓಣಿಯವರು ಕದದ ಹಿಂದೆ ಸರಿದರು. ದಾವಲಬೀ ಮಾತ್ರ ಬಿಸಿ ರೊಟ್ಟಿ ಕಟ್ಟಿಕೊಂಡು ಬಂದು ಅವನ ಮುಂದೆ ಇಟ್ಟು, ಕೈ ಮುಗಿದಳು.

* * *

ಟೀಚರಿಗೆ ಎಚ್ಚರ ಬಂದ ಮೇಲೆ ಅನುರಾಧಾ ಹಾಸಿಗೆಯ ಪಕ್ಕ ಕೂತು ಎಲ್ಲ ಹೇಳಿದಳು. ಟೀಚರ್ ಪಟ್ಟಿ ಕಟ್ಟಿದ ತಮ್ಮ ಪಾದದ ಕಡೆ ನೋಡಿದರು.

“ಫುಟ್ ಅಂದನೇನು?”

“ಹೌದ್ರಿ.”

“ಬರೋಬ್ಬರಿ ಹೇಳ್ಯಾನ. ಅಂವಗ ನಾನ ಕಲಿಸಿದ್ದೆ.” ಅವರ ಕಣ್ಣಂಚಿನಿಂದ ನೀರು ದಿಂಬಿಗೆ ಇಳಿಯಿತು.

ಅನುರಾಧಾ ಅವರ ಕೈ ಹಿಡಿದಳು. “ನನಗೂ ನೀವ ಕಲಿಸಿದ್ರಿ ಟೀಚರ್. ಇಲ್ಲಂದ್ರ ಆ ಮಾತು ಕಿವಿಗೆ ಬಿದ್ದು ಹೋಗ್ತಿತ್ತು. ಒಬ್ಬ ಒಳ್ಳೆ ಮನಷ್ಯಾ ಜೈಲಿಗೆ ಹೋಗ್ತಿದ್ದ.”

ಟೀಚರ್ ಆ ಕೈಯನ್ನು ಎದೆಗೆ ಒತ್ತಿಕೊಂಡರು. ಆಮೇಲೆ ಮೊಬೈಲ್ ಎಲ್ಲಿ ಅಂತ ಕೇಳಿದರು. ಪಾಠ ಇನ್ನೂ ಮುಗಿದಿಲ್ಲ, ಆದರೂ ಪರವಾಗಿಲ್ಲ ಅಂದರು.

“ಇವತ್ತ ಎಲ್ಲಾರಿಗೂ ಕಳಿಸಿಬಿಡು. ಎಲ್ಲಾರ ಹತ್ರ ಇದ್ದದ್ದನ್ನ ಯಾರೂ ಕದಿಯಾಕ ಆಗಂಗಿಲ್ಲ.”

ಅನುರಾಧಾ ಆಸ್ಪತ್ರೆಯ ಕಿಟಕಿಯ ಹತ್ತಿರ ನಿಂತು, ಕೋರ್ಟಿನಿಂದ ಬಿಡಿಸಿ ತಂದಿದ್ದ ಮೊಬೈಲಿನಿಂದ ಪಾಠಗಳನ್ನು ಒಂದೊಂದಾಗಿ ಹಳ್ಳಿ ಹುಡುಗಿಯರಿಗೆ ಕಳಿಸಿದಳು. ಕಕ್ಕೇರಾದ ಒಬ್ಬ ಹುಡುಗಿಯಿಂದ ಮೊದಲ ಮರುಮಾತು ಬಂತು: ‘ಟೀಚರ್, ಕೇಳಾಕತ್ತೀನ್ರಿ.’