ಪಟ್ಟೆ ಬಳಿದ ಪೆಟ್ಟಿಗೆ

“ಈ ಪೆಟ್ಟಿಗೆಯ ತಳ ನಿಮಗೆ ಕಾಣುವಷ್ಟು ತೆಳ್ಳಗಿಲ್ಲ ಮಕ್ಕಳೇ. ಅಂಚಿಗೆ ಕಪ್ಪು ಬಿಳಿ ಪಟ್ಟೆ ಬಳಿದಿದ್ದಾರೆ ನೋಡಿ. ನಮ್ಮ ಕಣ್ಣು ಬಿಳಿಯನ್ನಷ್ಟೇ ಅಳೆಯುತ್ತದೆ. ಕಪ್ಪಿನ ಹಿಂದೆ ಒಬ್ಬರು ಮೈ ಮಡಚಿಕೊಂಡು ಮಲಗುವಷ್ಟು ಜಾಗ ಇದೆ.”

ಹಳೇಬೀಡಿನ ಶಾಲೆಯೊಂದರ ವೇದಿಕೆಯಲ್ಲಿ ನಿಂತು ಹಿತಾ ಹೀಗೆ ಹೇಳಿದಾಗ ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದರು. ಅರಸೀಕೆರೆಯ ಕಾಲೇಜಿನಲ್ಲಿ ಅವಳು ಭೌತಶಾಸ್ತ್ರದ ಉಪನ್ಯಾಸಕಿ. ರಜೆಯಲ್ಲಿ ಶಾಲೆಗಳಿಗೆ ಹೋಗಿ, ಬಾಬಾಗಳು ಕೈಯಿಂದ ಬೂದಿ ಉದುರಿಸುವುದು ಹೇಗೆ, ನಿಂಬೆಹಣ್ಣಿನಲ್ಲಿ ರಕ್ತ ಬರಿಸುವುದು ಹೇಗೆ ಎಂದು ಮಾಡಿ ತೋರಿಸುತ್ತಿದ್ದಳು. ಅಂದು ಅವಳ ಭಾಷಣಕ್ಕೆ ಮೊದಲು ಒಬ್ಬ ಯುವಕ ಪೆಟ್ಟಿಗೆಗೆ ಕತ್ತಿಗಳನ್ನು ಚುಚ್ಚಿ, ಒಳಗಿದ್ದ ತಂಗಿಯನ್ನು ನಗುನಗುತ್ತಾ ಹೊರಗೆ ಕರೆದಿದ್ದ. ಅಭ್ಯಾಸಬಲ, ಅದರ ಗುಟ್ಟನ್ನೂ ಹಿತಾ ಬಿಡಿಸಿಬಿಟ್ಟಳು.

ಯುವಕನ ಹೆಸರು ಮಹಾಂತೇಶ್. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ. ಮ್ಯಾಜಿಕ್ ಅವನ ಹುಚ್ಚು. ಪೆಟ್ಟಿಗೆಯನ್ನು ಲಗೇಜ್ ಆಟೋಗೆ ಏರಿಸಿ ಅವಳ ಸ್ಕೂಟರ್ ಹತ್ತಿರ ಬಂದ.

“ಮೇಡಂ, ನಾನು ಬಾಬಾ ಅಲ್ಲ ಕಣ್ರೀ. ಸುಳ್ಳು ಹೇಳ್ತೀನಿ ಅಂತ ಮೊದಲೇ ಹೇಳಿ ಸುಳ್ಳು ಹೇಳೋನು. ನನ್ನ ಯಾಕೆ ಅವರ ಜೊತೆ ಸೇರಿಸಿದ್ರಿ?”

ಹಿತಾಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅಪ್ಪ ತೀರಿಕೊಂಡಾಗಿನಿಂದ ಅವಳಿಗೆ ಏನೂ ಆಗುತ್ತಿರಲಿಲ್ಲ. ಬೇಲೂರಿನ ಮನೆಯಲ್ಲಿ ಅಮ್ಮ ಅಳುವಾಗ ಪಕ್ಕದಲ್ಲಿ ಕೂತು ಫ್ಯಾನ್ ತಿರುಗುವುದನ್ನು ನೋಡುತ್ತಿದ್ದಳು. ಹಲ್ಲು ಕೀಳುವ ಮೊದಲು ವಸಡಿಗೆ ಇಂಜೆಕ್ಷನ್ ಕೊಡುತ್ತಾರಲ್ಲ, ಹಾಗೆ. ಮುಟ್ಟಿದ್ದು ಗೊತ್ತಾಗುತ್ತಿತ್ತು, ನೋವು ಗೊತ್ತಾಗುತ್ತಿರಲಿಲ್ಲ.

“ತಪ್ಪಾಯ್ತು. ಈಗ ಏನು ಮಾಡಲಿ ಹೇಳಿ” ಎಂದಳು.

ಆಟೋದೊಳಗಿಂದ ತಂಗಿ ಶಿಲ್ಪಾ ಕೂಗಿದಳು. “ನನ್ನ ಬದಲು ನೀವೇ ಪೆಟ್ಟಿಗೆಗೆ ಇಳೀರಿ ಅಕ್ಕ! ಬರೋ ತಿಂಗಳು ನನ್ನ ಮದುವೆ. ಅತ್ತೆಮನೆಯೋರು ಇದಕ್ಕೆಲ್ಲ ಬಿಡಲ್ಲ.”

ಮಹಾಂತೇಶ್ ತುಟಿಯ ಒಂದು ಅಂಚಿನಲ್ಲಷ್ಟೇ ನಕ್ಕ. “ಅದೂ ಸರೀನೇ. ಹೊಸಬರಾದ್ರೆ ಗುಟ್ಟು ಹೇಳಬೇಕು. ನಿಮಗೆ ಆಗಲೇ ಗೊತ್ತೈತೆ.”

ಅದು ತಮಾಷೆ. ಹಿತಾ “ಆಯ್ತು” ಎಂದಳು. ಆ ದಿನಗಳಲ್ಲಿ ಅವಳು ಎಲ್ಲದಕ್ಕೂ ಆಯ್ತು ಎನ್ನುತ್ತಿದ್ದಳು.

ಮಂಡಿಯ ಹಿಂದಿನ ಗೋದಾಮಿನಲ್ಲಿ ಅಭ್ಯಾಸ ನಡೆಯಿತು. ಒಳಗೆ ಇಳಿದ ಮೇಲೆ ಅವಳಿಗೆ ತಿಳಿಯಿತು, ಮಕ್ಕಳಿಗೆ ತಾನು ಹೇಳಿದ್ದು ಅರ್ಧ ಮಾತ್ರ. ಕತ್ತಿಗಳಿಗೆ ಗೊತ್ತುಮಾಡಿದ ಸೀಳುಗಳಿವೆ. ಹೊರಗಿನವನು ತಳ್ಳುತ್ತಾನೆ, ಅಷ್ಟೇ. ಒಳಗಿರುವವಳು ಸೊಂಟ ತಿರುಗಿಸಿ, ಮಂಡಿ ಮಡಚಿ, ಅಲಗು ಮೈಗೆ ತಾಗದಂತೆ ಜಾಗ ಬಿಡಬೇಕು.

“ಕೆಲಸ ಎಲ್ಲ ನಿಮ್ಮದು, ಚಪ್ಪಾಳೆ ನಂದು. ನಿಜವಾದ ಗುಟ್ಟು ಇದೇ” ಎಂದ ಮಹಾಂತೇಶ್.

“ಇದು ಗೊತ್ತಿದ್ರೆ ಅವತ್ತೇ ಹೇಳ್ತಿದ್ದೆ.”

“ಗೊತ್ತಿರ್ಲಿಲ್ಲ, ನನ್ನ ಪುಣ್ಯ.”

ಅವನದೊಂದು ಕಟ್ಟುನಿಟ್ಟಿನ ನಿಯಮ ಇತ್ತು. ಸಿದ್ಧಳಾದ ಮೇಲೆ ಅವಳು ಒಳಗಿಂದ ಹಲಗೆಯನ್ನು ಎರಡು ಸಲ ತಟ್ಟಬೇಕು. ಅದು ಕೇಳುವವರೆಗೆ ಅವನು ಕತ್ತಿ ಮುಟ್ಟುವುದಿಲ್ಲ.

ಮಾದಿಹಳ್ಳಿ, ಹುಲಿಕೆರೆ ಎಂದು ಶೋಗಳು ಆದವು. ಮುಚ್ಚಳ ಹಾಕುವ ಮೊದಲು ಅವನು ಅವಳ ಜಡೆಯ ತುದಿಯನ್ನು ಎರಡೇ ಬೆರಳಿನಲ್ಲಿ ಎತ್ತಿ ಒಳಗೆ ಇಡುತ್ತಿದ್ದ. ಆಗ ಒಮ್ಮೆ ನೋಡುತ್ತಿದ್ದ. ಅದು ಜನರಿಗಾಗಿ ನೋಡುವ ನೋಟವಲ್ಲ. ಪ್ರಯೋಗಶಾಲೆಯಲ್ಲಿ ರೀಡಿಂಗ್ ನೋಡುವಂತೆ ಹಿತಾ ಅದನ್ನು ಗಮನಿಸಿದಳು. ಅದರಿಂದ ಯಾವ ತೀರ್ಮಾನಕ್ಕೂ ಬರಲಿಲ್ಲ.

“ಕಾಫಿ ತಗೊಳ್ಳಿ. ಸಕ್ಕರೆ ಕಮ್ಮಿ, ನಿಮ್ಮ ಮಾತಿನ ಥರ” ಎನ್ನುತ್ತಿದ್ದ. ಅವಳು ಕುಡಿಯುತ್ತಿದ್ದಳು.

ಅಷ್ಟರಲ್ಲಿ ಅಮ್ಮನ ಫೋನ್ ಬಂತು. ಮೈಸೂರಿನ ಬ್ಯಾಂಕಿನ ಹುಡುಗ, ಭಾನುವಾರ ಬರುತ್ತಾರೆ, ಒಪ್ಪಿಗೆಯಾದರೆ ಅಂದೇ ತಾಂಬೂಲ. ಹಿತಾ ಆಯ್ತು ಎಂದಳು. ಬಾಣಾವರದ ಶೋಗೆ ಹೋಗುವಾಗ ಆಟೋದಲ್ಲಿ ಅದನ್ನು ಮಹಾಂತೇಶನಿಗೂ ಹೇಳಿದಳು.

ಅವನು ಅವಳತ್ತ ತಿರುಗಿದ. “ನಿಮಗೆ ಇಷ್ಟಾನಾ?”

“ಗೊತ್ತಾಗ್ತಿಲ್ಲ.”

“ಗೊತ್ತಾಗದೇನೇ ಆಯ್ತು ಅಂದ್ರಾ?”

“ಬೇಡ ಅನ್ನೋಕೂ ಏನಾದ್ರೂ ಅನ್ನಿಸಬೇಕಲ್ಲ.”

ಆಮೇಲೆ ಅವನು ಅವಳನ್ನು ರೇಗಿಸಲಿಲ್ಲ.

ಬಾಣಾವರದ ಸಮುದಾಯ ಭವನದಲ್ಲಿ ಕೊಬ್ಬರಿ ವರ್ತಕರ ವಾರ್ಷಿಕೋತ್ಸವ. ಎಲ್ಲರೂ ಅವನಿಗೆ ಗೊತ್ತಿದ್ದವರೇ. ಮುಚ್ಚಳ ಬಿತ್ತು, ಬೀಗ ಬಿತ್ತು. ಕೀಯನ್ನು ಎಂದಿನಂತೆ ಸಭಿಕರ ಕೈಗೆ ಕೊಡಲಾಯಿತು. ಹಿತಾ ಮಂಡಿ ಮಡಚಿ ಸರಿಯಾದ ಜಾಗಕ್ಕೆ ಬಂದಳು. ಇನ್ನು ತಟ್ಟಬೇಕು. ಕೈ ಹಲಗೆಯ ಪಕ್ಕದಲ್ಲೇ ಇತ್ತು. ತಟ್ಟಲಿಲ್ಲ.

ಹೆದರಿಕೆಯಲ್ಲ, ಹಟವೂ ಅಲ್ಲ. ಕತ್ತಲಿತ್ತು. ಅಲ್ಲಿ ಯಾರಿಗೂ ಆಯ್ತು ಎನ್ನಬೇಕಿರಲಿಲ್ಲ. ಸುಮ್ಮನೆ ಮಲಗಿದ್ದಳು.

ಹೊರಗೆ ಮಹಾಂತೇಶ್ ಜೋಕ್ ಹೇಳಿದ. ಇನ್ನೊಂದು ಹೇಳಿದ. ಹೇಳಿದ್ದನ್ನೇ ಮತ್ತೆ ಹೇಳಿದ.

“ಏನ್ಲಾ ಮಾಂತೇಶ, ಒಳಗೆ ನಿದ್ದೆ ಹೊಡೀತಾವ್ಳಾ?” ಯಾರೋ ಕೂಗಿದರು. ಸಭೆ ನಕ್ಕಿತು.

“ಹಿತಾ,” ಸೀಳಿನ ಹತ್ತಿರ ತಗ್ಗಿದ ದನಿ. “ಹಿತಾ?”

ತಟ್ಟಬೇಕು ಎಂದುಕೊಂಡಳು. ಅಷ್ಟರಲ್ಲಿ ಕಳ್ಳ ಚಿಲಕಗಳು ಒಂದರ ಹಿಂದೆ ಒಂದು ಬಿಚ್ಚಿಕೊಂಡು, ಪಟ್ಟೆ ಬಳಿದ ಮುಂದಿನ ಹಲಗೆಯೇ ಕಳಚಿತು. ಜನರೆದುರು ಎಂದೂ ತೆಗೆಯಬಾರದ ಹಲಗೆ. ಬೆಳಕು ಮುಖಕ್ಕೆ ಹೊಡೆಯಿತು. ಟೊಳ್ಳು ತಳ, ಸೀಳುಗಳು, ಮಡಚಿದ ಮಂಡಿ, ಎಲ್ಲವನ್ನೂ ಭವನ ನೋಡಿತು. ಸಿಳ್ಳೆ ಎದ್ದಿತು, ಮೊಬೈಲುಗಳು ಎದ್ದವು.

ಮಹಾಂತೇಶ್ ಅತ್ತ ತಿರುಗಲೇ ಇಲ್ಲ. ಮಂಡಿಯೂರಿ ಕೂತಿದ್ದ. ಕಳಚಿದ ಹಲಗೆ ಇನ್ನೂ ಕೈಯಲ್ಲೇ ಇತ್ತು.

“ಉಸಿರಾಡ್ತಿದೀರಾ?”

“ಹೂಂ.”

ಭವನದ ಹಿಂದಿನ ಮೆಟ್ಟಿಲ ಮೇಲೆ ಇಬ್ಬರೂ ಕೂತರು. ಒಳಗೆ ಆರ್ಕೆಸ್ಟ್ರಾ ಶುರುವಾಗಿತ್ತು.

“ನಂಗೇನೂ ಆಗಿರ್ಲಿಲ್ಲ. ತಟ್ಟಲಿಲ್ಲ ಅಷ್ಟೇ. ಯಾಕೆ ಅಂತ ನಂಗೂ ಗೊತ್ತಿಲ್ಲ” ಎಂದಳು. ಬೈಯುತ್ತಾನೆ ಎಂದುಕೊಂಡಿದ್ದಳು.

“ಸರಿ ಬಿಡಿ.”

“ಕೀ ತರಿಸಿದ್ರೆ ಗುಟ್ಟು ಉಳೀತಿತ್ತು.”

“ಅಷ್ಟು ಹೊತ್ತು ಯಾರು ಕಾಯ್ತಾರೆ?”

“ಇನ್ನು ಈ ಸೀಮೇಲಿ ಯಾರೂ ಈ ಆಟ ನೋಡಲ್ಲ. ಎಷ್ಟು ಕಷ್ಟಪಟ್ಟು ಮಾಡಿದ್ರಿ ಆ ಪೆಟ್ಟಿಗೆ.”

“ಪೆಟ್ಟಿಗೆ ಇನ್ನೊಂದು ಮಾಡ್ಬೋದು ಕಣ್ರೀ.” ಅವನು ನೆಲ ನೋಡುತ್ತಾ ಹೇಳಿದ. “ನಿಮ್ಮನ್ನ ಎಲ್ಲಿಂದ ತರ್ಲಿ?”

ಹಿತಾಳ ಕಣ್ಣಿಂದ ಒಂದು ಹನಿ ಮೆಟ್ಟಿಲ ಮೇಲೆ ಬಿತ್ತು. ಏನಿದು ಎಂದು ಒಂದು ಕ್ಷಣ ಅವಳಿಗೇ ಅರ್ಥವಾಗಲಿಲ್ಲ.

“ನಂಗೆ ಬೇಜಾರಾಗ್ತಿದೆ” ಎಂದಳು, ಆಶ್ಚರ್ಯದಿಂದ.

“ಅಯ್ಯೋ, ಬೇಜಾರ್ ಮಾಡ್ಕೋಬೇಡಿ...”

“ಇಲ್ಲ, ಆಗ್ಲಿ ಬಿಡಿ. ತುಂಬಾ ದಿನ ಆಗಿತ್ತು.”

ಮೊದಲು ಪೆಟ್ಟಿಗೆಗಾಗಿ ಅತ್ತಳು. ಆಮೇಲೆ ಅಪ್ಪನಿಗಾಗಿ. ಮಹಾಂತೇಶ್ ಅಂಗಿಯ ಉದ್ದ ತೋಳಿನೊಳಗಿಂದ ಕರ್ಚೀಫ್ ಎಳೆದು ಕೊಟ್ಟ. ಕೆಂಪಿನ ಹಿಂದೆ ಹಳದಿ ಬಂತು, ಹಳದಿಯ ಹಿಂದೆ ಹಸಿರು.

“ಸಾರಿ, ಇವೇ ಇರೋದು.”

ಅವಳು ಹಳದಿಯಲ್ಲಿ ಮೂಗು ಒರೆಸಿಕೊಂಡು ಫೋನ್ ತೆಗೆದಳು.

“ಅಮ್ಮ, ಭಾನುವಾರದೋರಿಗೆ ಬರೋದು ಬೇಡ ಅಂತ ಹೇಳ್ಬಿಡು.”

“ಯಾಕೇ? ಬೇರೆ ಯಾರಾದ್ರೂ ಇದಾರಾ?”

ಹಿತಾ ಪಕ್ಕಕ್ಕೆ ನೋಡಿದಳು. ಕರ್ಚೀಫ್ ಸುತ್ತುತ್ತಿದ್ದ ಕೈ ನಿಂತಿತ್ತು.

“ಇದಾರೆ.”

“ನಮ್ಮೋರಾ?”

“ಅಲ್ಲ.”

ಹಿತಾ ಮೂಗೆಳೆದದ್ದು ಆ ಕಡೆ ಕೇಳಿತು. “ಅಳ್ತಿದೀಯಾ ನೀನು?” ಅಮ್ಮನ ದನಿ ಬೇರೆಯಾಗಿತ್ತು.

“ಹೂಂ.”

“ಅಪ್ಪ ಹೋದಾಗ್ಲೂ ಅಳಲಿಲ್ವಲ್ಲೇ...” ಅಮ್ಮ ಸುಧಾರಿಸಿಕೊಂಡಳು. “ಭಾನುವಾರ ಅವರನ್ನ ಕರ್ಕೊಂಡ್ ಬಾ. ಒಪ್ಪಿದೆ ಅಂತಲ್ಲ. ನೋಡ್ತೀನಿ ಅಷ್ಟೇ.”

ಫೋನ್ ಇಟ್ಟ ಮೇಲೆ ಮಹಾಂತೇಶ್ ಮೆಲ್ಲಗೆ ಕೇಳಿದ. “ಏನ್ ಹಾಕ್ಕೊಂಡು ಬರ್ಲಿ?”

“ಅರ್ಧ ತೋಳಿನ ಅಂಗಿ” ಎಂದಳು ಹಿತಾ.