ನೀರು ಹೊರಗೆ ಹೋಗುವ ದಾರಿ

“ಆಗಲ್ಲ! ಅದು ಅಲ್ಲಿ ಕೂರಲ್ಲ ಅಂದ್ರೆ ಕೂರಲ್ಲ!”

ಗೇಣುವಿನ ದನಿ ರಟ್ಟಿನ ಪೆಟ್ಟಿಗೆಯ ಒಳಗಿನಿಂದ ಬಂತು. ಅವಳ ತಲೆ ಪೆಟ್ಟಿಗೆಯೊಳಗಿತ್ತು, ಉಳಿದ ಮೈಯೆಲ್ಲ ನೆಲದ ಮೇಲಿತ್ತು.

“ಕೂರತ್ತೆ ಕಣೇ. ವಿಡಿಯೋದಲ್ಲಿ ಎಲ್ಲರೂ ಮೇಲೇ ಹಾಕಿದ್ದಾರೆ,” ಎಂದ ಅಣ್ಣ, ಫೋನಿನಿಂದ ಕಣ್ಣು ತೆಗೆಯದೆ.

“ಅವರ ಕಂಪ್ಯೂಟರ್ ಕ್ಯಾಬಿನೆಟ್ ದೊಡ್ಡದು. ನಮ್ಮದು ಚಿಕ್ಕದು. ರೇಡಿಯೇಟರ್ ದಪ್ಪ ಇಪ್ಪತ್ತೇಳು ಮಿಲಿಮೀಟರ್. ಅದಕ್ಕೆ ಅಂಟ್ಕೊಂಡಿರೋ ಫ್ಯಾನು ಇಪ್ಪತ್ತೈದು. ಎರಡೂ ಸೇರಿ ಎಷ್ಟು?”

“ಐವತ್ತೆರಡು.”

“ಮೇಲೆ ಇರೋ ಜಾಗ ನಲವತ್ತೆಂಟು! ನೀನು ಫ್ಯಾನನ್ನ ಮರೆತೇಬಿಟ್ಟಿದ್ದೀಯ!”

ಅಣ್ಣ ಈಗ ಫೋನ್ ಕೆಳಗಿಟ್ಟ. ತಾನೂ ಪೆಟ್ಟಿಗೆಯೊಳಗೆ ಇಣುಕಿದ. ಟೂತ್‌ಪೇಸ್ಟಿನ ಡಬ್ಬಿಗಳನ್ನು ಅಂಟಿಸಿ ಮಾಡಿದ ರೇಡಿಯೇಟರ್, ಕೆಳಗಿದ್ದ ರಟ್ಟಿಗೆ ಒತ್ತಿಕೊಂಡು ಸೊಟ್ಟಗಾಗಿತ್ತು. ಬರೀ ನಾಲ್ಕು ಮಿಲಿಮೀಟರ್. ಆದರೆ ಆ ನಾಲ್ಕು ಮಿಲಿಮೀಟರನ್ನು ಯಾರ ತಾತ ಬಂದರೂ ಹಿಂಡಿ ತೆಗೆಯುವ ಹಾಗಿರಲಿಲ್ಲ.

“ಅಬ್ಬಾ! ಬಚಾವ್ ಮಾಡ್ದೆ,” ಎಂದು ಅಣ್ಣ ಅವಳ ಬೆನ್ನಿಗೊಂದು ಗುದ್ದಿದ.

ಗೇಣು ಎನ್ನುವುದು ಅವಳ ಅಡ್ಡಹೆಸರು. ನಾಲ್ಕು ವರ್ಷದವಳಿದ್ದಾಗಿನಿಂದ ಕೈ ಅಗಲಿಸಿ ಕಂಡಿದ್ದನ್ನೆಲ್ಲ ಅಳೆಯುತ್ತಿದ್ದಳು: ಮಂಚ, ಮೆಟ್ಟಿಲು, ಮಲಗಿದ್ದ ಬೆಕ್ಕು. ಈಗ ಐದನೇ ಕ್ಲಾಸು. ಕೈಯ ಬದಲು ಸ್ಟೀಲ್ ಸ್ಕೇಲ್ ಬಂದಿದೆ, ಹೆಸರು ಮಾತ್ರ ಹಾಗೇ ಉಳಿದಿದೆ.

ಅಣ್ಣ ಕಾಲೇಜಿಗೆ ಸೇರಿದ ಮೇಲೆ ಒಂದೇ ಜಪ. ತನ್ನ ಕೈಯಾರೆ ಒಂದು ಗೇಮಿಂಗ್ ಕಂಪ್ಯೂಟರ್ ಕಟ್ಟಬೇಕು. ಅದೂ ಎಂಥದ್ದು? ನೀರಿನಿಂದ ತಣ್ಣಗಾಗುವಂಥದ್ದು! ದೊಡ್ಡ ಗೇಮ್ ಆಡುವಾಗ ಕಂಪ್ಯೂಟರಿನ ಹೊಟ್ಟೆ ಕಾದ ಹಂಚಾಗುತ್ತದೆ. ಆಗ ಸಣ್ಣ ಪೈಪುಗಳಲ್ಲಿ ನೀರು ಓಡಿ ಬಿಸಿಯನ್ನು ಹೊತ್ತುಕೊಂಡು ಬರುತ್ತದೆ, ರೇಡಿಯೇಟರಿನಲ್ಲಿ ತಣ್ಣಗಾಗಿ ಮತ್ತೆ ಓಡುತ್ತದೆ. ಒಂದು ಪುಟ್ಟ ಪಂಪು ಅದನ್ನು ತಳ್ಳುತ್ತಲೇ ಇರುತ್ತದೆ. ಒಂದು ಹನಿ ಸೋರಿದರೂ ಕಂಪ್ಯೂಟರ್ ಢಮಾರ್. ಅದಕ್ಕೇ ಎಲ್ಲ ಸಾಮಾನು ತರುವ ಮೊದಲು ಪ್ಲಾನ್ ಆಗಬೇಕು, ರಟ್ಟಿನ ಪೆಟ್ಟಿಗೆಯಲ್ಲಿ ಅದೇ ಅಳತೆಯ ಮಾದರಿ ಮಾಡಿ ನೋಡಬೇಕು.

ಎರಡು ತಿಂಗಳಿನಿಂದ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಆ ಪ್ಲಾನ್ ಬೆಳೆಯುತ್ತಿತ್ತು. ಭಾಗಗಳನ್ನು ಹುಡುಕಿದವನು ಅಣ್ಣ. ಅಳೆದವಳು, ಗೆರೆ ಎಳೆದವಳು, ಬಿಸಿನೀರಿನ ಪೈಪಿಗೆ ಕೆಂಪು, ತಣ್ಣೀರಿನದಕ್ಕೆ ನೀಲಿ ಹಚ್ಚಿದವಳು ಗೇಣು. ನೋಟ್‌ಬುಕ್ಕಿನ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: ‘ಪ್ಲಾನ್ ಮಾಡಿದವರು: ಅಣ್ಣ ಮತ್ತು ಗೇಣು.’ ಅದನ್ನು ಬರೆದವನು ಅಣ್ಣನೇ.

“ಹಾಗಿದ್ರೆ ರೇಡಿಯೇಟರನ್ನ ಮುಂದಕ್ಕೆ ಹಾಕೋಣ. ಅಲ್ಲಿ ಜಾಗ ಇದೆ,” ಎಂದು ಗೇಣು ಹಳೆಯ ಗೆರೆ ಅಳಿಸಿ ಹೊಸದನ್ನು ಎಳೆದಳು.

ಅಷ್ಟರಲ್ಲಿ ಅಮ್ಮ ಕೆಲಸಕ್ಕೆ ಹೊರಟು ನಿಂತಿದ್ದಳು. ಅಮ್ಮ ದೊಡ್ಡ ಆಸ್ಪತ್ರೆಯೊಂದರಲ್ಲಿ ಪ್ಲಂಬರ್. ಐದು ಮಹಡಿ, ನೂರಾರು ನಲ್ಲಿ, ಎಲ್ಲದರ ಹೊಣೆ ಅವಳದ್ದು. ಭುಜದಲ್ಲಿ ಸ್ಪ್ಯಾನರುಗಳ ಚೀಲ, ಕಿವಿಯ ಮೇಲೆ ಒಂದು ಮೊಂಡು ಪೆನ್ಸಿಲ್. ಬಗ್ಗಿ ನೋಟ್‌ಬುಕ್ ನೋಡಿದಳು.

“ನೀರು ತುಂಬೋದು ಇಲ್ಲಿಂದ. ಸರಿ. ಹೊರಗೆ ಹೋಗೋದು ಎಲ್ಲಿಂದ?” ಎಂದು ಕೇಳಿ, ಕಿವಿಯ ಮೇಲಿನ ಪೆನ್ಸಿಲ್ ಕೈಗೆ ತೆಗೆದುಕೊಂಡಳು.

“ಹೊರಗೆ ಹೋಗಲ್ಲ ಅಮ್ಮ. ಒಳಗೇ ಸುತ್ತುತ್ತಾ ಇರತ್ತೆ. ಇದಕ್ಕೆ ಲೂಪ್ ಅಂತಾರೆ,” ಎಂದಳು ಗೇಣು.

“ಸುತ್ತಲಿ. ಆದ್ರೂ ಒಂದಲ್ಲ ಒಂದು ದಿನ...”

“ಅಯ್ಯೋ ಅಮ್ಮ, ಇದು ಕಂಪ್ಯೂಟರ್! ಆಸ್ಪತ್ರೆ ಸಿಂಕ್ ಅಲ್ಲ. ನಿಂಗೆ ಗೊತ್ತಾಗಲ್ಲ ಬಿಡು!” ಎಂದು ಗೇಣು ಅವಳ ಮಾತು ತುಂಡರಿಸಿದಳು.

ಅಣ್ಣ ಕಿಸಕ್ಕನೆ ನಕ್ಕ. ಅಮ್ಮನೂ ಸ್ವಲ್ಪ ನಕ್ಕಳು. ಪೆನ್ಸಿಲನ್ನು ಕಿವಿಯ ಮೇಲೆ ವಾಪಸ್ ಸಿಕ್ಕಿಸಿಕೊಂಡು, “ಬಾಗಿಲು ಹಾಕ್ಕೊಳ್ಳಿ,” ಎಂದು ಹೇಳಿ ಹೋದಳು. ಗೇಣು ಆಗಲೇ ಮುಂದಿನ ಗೆರೆಯ ಉದ್ದ ಅಳೆಯುತ್ತಿದ್ದಳು.

ಹನ್ನೊಂದು ಗಂಟೆಗೆ ಅಣ್ಣ ತಂಗಿ ಇಬ್ಬರೂ ಕಂಪ್ಯೂಟರ್ ಭಾಗಗಳ ಅಂಗಡಿಯಲ್ಲಿದ್ದರು. ಅಂಗಡಿಯ ಅಂಕಲ್‌ಗೆ ಎರಡು ಕನ್ನಡಕ. ಒಂದು ಮೂಗಿನ ಮೇಲೆ, ಇನ್ನೊಂದು ಬೋಳು ತಲೆಯ ಮೇಲೆ. ನೋಟ್‌ಬುಕ್ ತೆರೆದವರು ಮೂಗಿನ ಮೇಲಿದ್ದದ್ದನ್ನು ತಲೆಗೇರಿಸಿ, ತಲೆಯ ಮೇಲಿದ್ದದ್ದನ್ನು ಮೂಗಿಗೆ ಇಳಿಸಿದರು.

“ಭೇಷ್! ದೊಡ್ಡವರು ಕೂಡ ಇಷ್ಟು ಅಚ್ಚುಕಟ್ಟಾಗಿ ಪ್ಲಾನ್ ತರಲ್ಲ. ಯಾರಪ್ಪ ಮಾಡಿದ್ದು?”

ಗೇಣು ಕೌಂಟರಿನ ಅಂಚು ಹಿಡಿದು ತುದಿಗಾಲಲ್ಲಿ ನಿಂತಳು.

“ನಾನೇ ಅಂಕಲ್,” ಎಂದ ಅಣ್ಣ.

ನಾನೇ! ಅಷ್ಟು ಸಲೀಸಾಗಿ, ನೀರು ಕುಡಿದ ಹಾಗೆ ಹೇಳಿಬಿಟ್ಟ! ಗೇಣುವಿನ ಎರಡೂ ಕಿವಿ ಬಿಸಿಯಾದವು.

“ನಾನೂ ಮಾಡಿದ್ದೀನಿ!” ಎಂದಳು ಜೋರಾಗಿ.

ಅಂಕಲ್ ಕೌಂಟರಿನ ಆಚೆಯಿಂದ ಬಗ್ಗಿ ನೋಡಿದರು. “ಓಹೋ, ಬಣ್ಣ ತುಂಬಿದ್ದು ನೀನಾ ಮರಿ? ಚೆನ್ನಾಗಿದೆ. ಅಲ್ಲಿ ತಿರುಗೋ ಕುರ್ಚಿ ಇದೆ ನೋಡು, ಆಟ ಆಡ್ತಾ ಕೂತ್ಕೋ.”

ಬಣ್ಣ! ಮರಿ! ಆಟ! ಮೂರು ಮಾತಿನಲ್ಲಿ ಮೂರು ಸಲ ಗೇಣುವಿನ ಮೈ ಉರಿಯಿತು. ತಿರುಗುವ ಕುರ್ಚಿ ಕಿಟಕಿಯ ಪಕ್ಕದಲ್ಲಿತ್ತು. ನಿಜ ಹೇಳಬೇಕೆಂದರೆ ಕೆಂಪಗೆ, ತುಂಬಾ ಚೆನ್ನಾಗಿಯೇ ಇತ್ತು. ಸತ್ತರೂ ಅದರಲ್ಲಿ ಕೂರುವುದಿಲ್ಲ ಎಂದು ಅವಳು ಅಲ್ಲೇ ಕಂಬದ ಹಾಗೆ ನಿಂತಳು.

“ರೇಡಿಯೇಟರ್ ಮುಂದೆ ಯಾಕೆ? ಎಲ್ಲರೂ ಮೇಲೆ ಹಾಕ್ತಾರಲ್ಲ,” ಎಂದು ಅಂಕಲ್ ಅಣ್ಣನನ್ನು ಕೇಳಿದರು.

“ಅದು... ಜಾಗ... ಅಂದ್ರೆ ಅಂಕಲ್...”

“ಇಪ್ಪತ್ತೇಳು ಪ್ಲಸ್ ಇಪ್ಪತ್ತೈದು, ಐವತ್ತೆರಡು. ಮೇಲೆ ಜಾಗ ಇರೋದು ನಲವತ್ತೆಂಟು,” ಎಂದಳು ಗೇಣು.

ಅಂಕಲ್ ಹುಬ್ಬೇರಿಸಿದರು. ಈಗಲಾದರೂ ತನ್ನ ಕಡೆ ತಿರುಗುತ್ತಾರೆ ಎಂದು ಅವಳು ಕಾದಳು. ಅವರು ತಿರುಗಿದ್ದು ಅಣ್ಣನ ಕಡೆಗೆ.

“ತಂಗಿಗೆ ಚೆನ್ನಾಗಿ ಹೇಳ್ಕೊಟ್ಟಿದ್ದೀಯಪ್ಪ!”

ಅಣ್ಣ ಹಲ್ಲು ಕಿರಿದ. ಇಲ್ಲ ಅನ್ನಲಿಲ್ಲ, ಹೌದು ಅನ್ನಲಿಲ್ಲ. ಆ ಹೊಗಳಿಕೆಯನ್ನು ಸುಮ್ಮನೆ ಜೇಬಿಗೆ ಹಾಕಿಕೊಂಡ. ಗೇಣುವಿಗೆ ಅಳು ಬರುವಷ್ಟು ಸಿಟ್ಟು ಬಂತು. ಎಂಥ ಅನ್ಯಾಯ! ಟೂತ್‌ಪೇಸ್ಟ್ ಡಬ್ಬಿ ಕತ್ತರಿಸಿ ಬೆರಳು ಕುಯ್ದುಕೊಂಡವಳು ಯಾರು? ಬಾಯಿಗೆ ಬೀಗ ಹಾಕಿಕೊಂಡು ನಿಂತಿರುವವನು ಯಾರು?

ಅಂಕಲ್ ಪುಟ ತಿರುಗಿಸುತ್ತಾ ಹೋದರು. ಕೊನೆಯ ಪುಟಕ್ಕೆ ಬಂದವರು ಮತ್ತೆ ಮೊದಲ ಪುಟಕ್ಕೆ ಹೋದರು.

“ಎಲ್ಲ ಸರಿ. ಡ್ರೈನ್ ಎಲ್ಲಿ?”

“ಏನು ಡ್ರೈನ್?” ಎಂದ ಅಣ್ಣ.

“ವರ್ಷಕ್ಕೊಂದ್ಸಲ ಒಳಗಿನ ನೀರು ಬದಲಾಯಿಸ್ಬೇಕು. ಯಾವುದಾದ್ರೂ ಭಾಗ ಕೆಟ್ಟರೆ ಬಿಚ್ಚಬೇಕು. ಆಗ ನೀರನ್ನ ಹೊರಗೆ ಬಿಡೋದು ಹೇಗೆ? ಇಷ್ಟು ದೊಡ್ಡ ಕಂಪ್ಯೂಟರನ್ನ ಬಾತ್‌ರೂಮಿಗೆ ಎತ್ಕೊಂಡು ಹೋಗಿ ತಲೆಕೆಳಗು ಮಾಡ್ತೀಯಾ? ಮೊದಲ ಸಲ ಕಟ್ಟೋರೆಲ್ಲ ನೀರು ತುಂಬೋದು ಯೋಚಿಸ್ತಾರೆ, ತೆಗೆಯೋದು ಯಾರೂ ಯೋಚಿಸಲ್ಲ.” ಅಂಕಲ್ ನೋಟ್‌ಬುಕ್ ಮುಚ್ಚಿ ವಾಪಸ್ ಕೊಟ್ಟರು. “ಇದು ಗಟ್ಟಿ ಪೈಪು. ಕಾಯಿಸಿ ಬಗ್ಗಿಸಿದ ಮೇಲೆ ಮುಗೀತು, ಆಮೇಲೆ ಬದಲಾಯಿಸೋಕಾಗಲ್ಲ. ಪ್ಲಾನ್ ಸರಿ ಮಾಡ್ಕೊಂಡು ಬಾ, ಆಮೇಲೆ ಸಾಮಾನು ಕೊಡ್ತೀನಿ. ಮನೆಯಲ್ಲಿ ಇದನ್ನ ಯಾರೂ ಕೇಳ್ಲೇ ಇಲ್ವಾ?”

ಗೇಣು ಅಣ್ಣನ ಕೈಯಿಂದ ನೋಟ್‌ಬುಕ್ ಎಳೆದುಕೊಂಡು ಬಾಗಿಲ ಕಡೆ ನಡೆದಳು.

ವಾಪಸ್ ಬರುವಾಗ ಅವಳು ಹತ್ತು ಹೆಜ್ಜೆ ಮುಂದೆ ನಡೆದಳು. ಅಣ್ಣ ಓಡಿ ಬಂದು ಜೊತೆಯಾದಾಗ ಇನ್ನೂ ಜೋರಾಗಿ ನಡೆದಳು.

“ಏ ನಿಂತ್ಕೊಳ್ಳೇ. ಏನಾಯ್ತೀಗ?”

“ಏನಾಯ್ತಾ? ‘ನಾನೇ ಅಂಕಲ್!’” ಗೇಣು ಅವನ ದನಿಯಲ್ಲೇ ಅಣಕಿಸಿದಳು. “ನನ್ನ ಹೆಸರು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ಐದನೇ ಕ್ಲಾಸ್ ಹುಡುಗಿ ಮಾಡಿದ್ದು ಅಂದ್ರೆ ಅವರು ಪ್ಲಾನನ್ನ ಸರಿಯಾಗಿ ನೋಡ್ತಾನೇ ಇರ್ಲಿಲ್ಲ ಕಣೇ.”

“ನೋಡದೇ ಇದ್ರೆ ತಪ್ಪು ಅವರದ್ದು! ನನ್ನ ಒಂದು ಮಾತೂ ಕೇಳ್ಲಿಲ್ಲ. ‘ನಿಂಗೆ ಗೊತ್ತಾಗಲ್ಲ ಬಿಡು’ ಅನ್ನೋ ಥರ ಕುರ್ಚಿ ತೋರಿಸಿದ್ರು. ನೀನು ಪಕ್ಕದಲ್ಲಿ ಕಿಸಕಿಸ ನಗ್ತಾ...”

ಗೇಣು ಅಲ್ಲೇ ನಿಂತುಬಿಟ್ಟಳು.

ಅಂಗಡಿಯ ಅಂಕಲ್ ‘ನಿಂಗೆ ಗೊತ್ತಾಗಲ್ಲ ಬಿಡು’ ಎಂದು ಹೇಳಿರಲಿಲ್ಲ. ಆದರೆ ಆ ಮಾತನ್ನು ಇವತ್ತು ಒಬ್ಬರು ಹೇಳಿದ್ದರು. ಬೆಳಗ್ಗೆ, ಮನೆಯಲ್ಲಿ. ಹೇಳಿದ್ದು ಯಾರು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೈಗೆ ತೆಗೆದುಕೊಂಡ ಪೆನ್ಸಿಲ್ ಮತ್ತೆ ಕಿವಿಯ ಮೇಲೆ ಹೋಗಿ ಕೂತದ್ದು ಈಗ ಕಣ್ಣಿಗೆ ಕಟ್ಟಿತು.

“ಏನಾಯ್ತು?” ಎಂದ ಅಣ್ಣ.

“ನನ್ನ ಮಾತಾಡಿಸ್ಬೇಡ,” ಎಂದಳು. ಆದರೆ ದನಿಯಲ್ಲಿ ಮೊದಲಿನ ಕಾವು ಇರಲಿಲ್ಲ.

ಸಂಜೆ ಅಮ್ಮ ಬಂದಾಗ ಅವಳ ಪ್ಯಾಂಟಿನ ಎರಡೂ ಮಂಡಿ ಒದ್ದೆಯಾಗಿದ್ದವು. ಚೀಲ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚತೊಡಗಿದಳು. ಗೇಣು ನೋಟ್‌ಬುಕ್ ಎದೆಗೆ ಅವಚಿಕೊಂಡು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನಿಂತಳು.

“ಏನು, ಅಂಗಡಿಯವರು ಒಪ್ಪಿದ್ರಾ?”

“ಇಲ್ಲ. ಒಂದು ಬಿಟ್ಟುಹೋಗಿದೆ ಅಂದ್ರು.”

“ಯಾವುದು?”

“ನಿಂಗೆ ಗೊತ್ತಲ್ಲ,” ಎಂದಳು ಗೇಣು ಮೆಲ್ಲಗೆ.

ಅಮ್ಮ ‘ನಾನು ಹೇಳಿರ್ಲಿಲ್ವಾ’ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ಗೇಣುವಿಗೆ. ಅಮ್ಮ ಒದ್ದೆಯಾದ ಕಾಲುಚೀಲ ಹಿಂಡುತ್ತಾ ಹೇಳಿದಳು, “ನಮ್ಮ ಮೂರನೇ ಮಹಡಿಯಲ್ಲಿ ಒಂದು ದೊಡ್ಡ ಪೈಪ್ ಇದೆ. ಕಟ್ಟಿದೋರು ಅದಕ್ಕೆ ನೀರು ಹೊರಗೆ ಬಿಡೋ ನಲ್ಲಿಯನ್ನೇ ಇಟ್ಟಿಲ್ಲ. ರಿಪೇರಿ ಬಂದಾಗೆಲ್ಲ ಹೀಗೇ, ನನ್ನ ಮೇಲೆ ಅಭಿಷೇಕ. ಎಂಜಿನಿಯರ್‌ಗೆ ಮೂರು ಸಲ ಹೇಳ್ದೆ.”

“ಅವರೇನಂದ್ರು?”

“ಬಕೆಟ್ ಇಟ್ಕೊಳ್ಳಿ ಅಂದ್ರು.”

“ಏನು? ನಿನ್ನ ಮಾತು ಕೇಳೋದೇ ಇಲ್ವಾ? ದಿನಾ ಆ ಪೈಪ್ ನೋಡೋದು ಯಾರು, ಅವರಾ ನೀನಾ? ಅವರಿಗೇನು ಗೊತ್ತು!” ಗೇಣು ಕಾಲು ನೆಲಕ್ಕೆ ಅಪ್ಪಳಿಸಿದಳು.

ಅಮ್ಮ ತಲೆಯೆತ್ತಿ ಅವಳನ್ನು ನೋಡಿದಳು, ಅಷ್ಟೆ. ಗೇಣುವಿನ ಮುಖ ಕೆಂಪಾಯಿತು. ಎತ್ತಿದ ದನಿಯನ್ನು ಎಲ್ಲಿ ಇಡುವುದೆಂದು ತಿಳಿಯಲಿಲ್ಲ. ಹೋಗಿ ಅಮ್ಮನ ಪಕ್ಕದ ಮೆಟ್ಟಿಲಿನಲ್ಲಿ ಕೂತು, ನೋಟ್‌ಬುಕ್ಕನ್ನು ಅವಳ ಒದ್ದೆ ಮಂಡಿಯ ಮೇಲಿಟ್ಟಳು.

“ಪುಸ್ತಕ ಒದ್ದೆಯಾಗತ್ತೆ ಕಣೇ.”

“ಆಗ್ಲಿ. ನೀರು ಹೊರಗೆ ಹೋಗೋದು ಎಲ್ಲಿಂದ ಅಮ್ಮ?”

“ನೀನೇ ಹೇಳು. ಎಲ್ಲಕ್ಕಿಂತ ಕೆಳಗಿರೋ ಜಾಗ ಯಾವುದು?”

ಗೇಣು ನೀಲಿ ಗೆರೆಯ ಮೇಲೆ ಬೆರಳು ಓಡಿಸಿದಳು. ಬೆರಳು ಇಳಿಯುತ್ತಾ ಇಳಿಯುತ್ತಾ ಪಂಪಿನ ಬುಡಕ್ಕೆ ಬಂದು ನಿಂತಿತು. ಅಮ್ಮ ಕಿವಿಯ ಮೇಲಿನ ಮೊಂಡು ಪೆನ್ಸಿಲ್ ತೆಗೆದು, ಅಲ್ಲೊಂದು ಮೂರು ಬಾಯಿಯ ಜಾಯಿಂಟ್, ಅದರ ಒಂದು ಬಾಯಿಗೆ ಪುಟಾಣಿ ನಲ್ಲಿ ಬರೆದಳು. ಗೆರೆ ಸೊಟ್ಟಗಿತ್ತು. ಗೇಣು ತನ್ನ ಸ್ಟೀಲ್ ಸ್ಕೇಲನ್ನು ಅವಳ ಕೈಗೆ ಕೊಟ್ಟಳು. ಆ ಸ್ಕೇಲನ್ನು ಅವಳು ಈವರೆಗೆ ಅಣ್ಣನಿಗೂ ಕೊಟ್ಟಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅಣ್ಣ ಎಲ್ಲ ನೋಡುತ್ತಿದ್ದ. ಏನೋ ಹೇಳಬೇಕೆಂದು ಎರಡು ಸಲ ಕೆಮ್ಮಿದ. ಗೇಣು ಅವನ ಕಡೆ ತಿರುಗಲಿಲ್ಲ. ಇನ್ನೂ ಎರಡು ದಿನ ಅವನು ಕೆಮ್ಮಲಿ ಎಂದುಕೊಂಡಳು.

ಮುಂದಿನ ವಾರ, ಅಮ್ಮನ ರಜೆಯ ದಿನ, ಮೂವರೂ ಅಂಗಡಿಗೆ ಹೋದರು. ಅಂಕಲ್ ಕನ್ನಡಕ ಬದಲಾಯಿಸಿ ನೋಟ್‌ಬುಕ್ ನೋಡಿದರು.

“ಹಾಂ, ಈಗ ಸರಿಯಾಯ್ತು ನೋಡಪ್ಪ! ಒಳ್ಳೆ ಜಾಗದಲ್ಲೇ ಇಟ್ಟಿದ್ದೀಯ ಡ್ರೈನನ್ನ.” ಆಮೇಲೆ ಅಮ್ಮನ ಕಡೆ ನೋಡಿ ನಕ್ಕರು. “ನಿಮಗೆ ಬೋರಾಗತ್ತೆ ಮೇಡಂ, ಇದು ಹುಡುಗರ ವಿಷಯ. ಅಲ್ಲಿ ಕುರ್ಚಿ ಇದೆ, ಕೂತ್ಕೊಳ್ಳಿ.”

ಅಮ್ಮ ಅಭ್ಯಾಸವಾದವಳ ಹಾಗೆ ಕುರ್ಚಿಯ ಕಡೆ ಒಂದು ಹೆಜ್ಜೆ ಇಟ್ಟಳು. ಗೇಣು ಅವಳ ಕೈ ಹಿಡಿದು ನಿಲ್ಲಿಸಿದಳು.

“ಅವರು ಕೂರಲ್ಲ ಅಂಕಲ್. ಆ ಡ್ರೈನ್ ಹಾಕಿದ್ದು ನಮ್ಮಮ್ಮ. ಅವರು ಪ್ಲಂಬರ್. ಅವರನ್ನ ಕೇಳಿ.”

ಅಣ್ಣ ಗಂಟಲು ಸರಿಮಾಡಿಕೊಂಡ.

“ರೇಡಿಯೇಟರನ್ನ ಮುಂದೆ ಹಾಕಿದ್ದು ನನ್ನ ತಂಗಿ ಅಂಕಲ್. ನಾನು ಹೇಳ್ಕೊಟ್ಟಿದ್ದಲ್ಲ. ಅಳತೆ ಎಲ್ಲ ಅವಳದ್ದೇ,” ಎಂದ. ಅವನ ಕಿವಿ ಕೆಂಪಾಗಿತ್ತು.

ಅಂಕಲ್ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದರು. ಮೂಗಿನ ಮೇಲಿದ್ದ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನೋಟ್‌ಬುಕ್ಕನ್ನು ಅಮ್ಮನ ಕಡೆಗೆ ತಿರುಗಿಸಿದರು.

“ಹೌದಾ! ಒಂದು ಅನುಮಾನ ಇತ್ತು ಮೇಡಂ. ಈ ನಲ್ಲಿಯನ್ನ ಪಂಪಿಗೆ ಇನ್ನೂ ಹತ್ತಿರ ತಂದ್ರೆ ಹೇಗೆ?”

ಅಮ್ಮ ಕೌಂಟರಿನ ಮೇಲೆ ಬಗ್ಗಿದಳು. ಅವಳ ಕೈ ಕಿವಿಯ ಮೇಲಿನ ಪೆನ್ಸಿಲಿಗೆ ಹೋಯಿತು.

ಗೇಣು ಕಿಟಕಿಯ ಪಕ್ಕಕ್ಕೆ ಹೋಗಿ ಆ ಕೆಂಪು ಕುರ್ಚಿಯಲ್ಲಿ ತಾನಾಗಿಯೇ ಕೂತಳು. ಈ ಸಲ ಅವಳನ್ನು ಅಲ್ಲಿ ಕೂರಿಸಿದವರು ಯಾರೂ ಇರಲಿಲ್ಲ. ಒಂದು ಸುತ್ತು ತಿರುಗಿ, ಅಮ್ಮನ ಪೆನ್ಸಿಲ್ ಕಾಣುವ ಹಾಗೆ ಕುರ್ಚಿಯನ್ನು ನಿಲ್ಲಿಸಿಕೊಂಡಳು.